ಟೊಮೆಟೊ ಹಣ್ಣನ್ನು ಯಾವಾಗ ಕೊಯ್ಯಬೇಕು?



ನಮ್ಮ ಇಂಡಿ ಸೀಮೆಯ ಹುಡುಗಿಯರಿಗೆ ಲಿಂಬೆಯನ್ನು ಕೊಯ್ಯುವ ಹೊತ್ತನ್ನು ಯಾರೂ ಕಲಿಸಬೇಕಾಗಿಲ್ಲ. ಹೂವಾಗಿ ಐದಾರು ತಿಂಗಳು ಕಳೆದು, ಕಡುಹಸುರು ಬಣ್ಣವು ತಿಳಿಯಾಗಿ, ಸಿಪ್ಪೆಯು ನುಣುಪೇರಿ, ಅಂಗೈಯಲ್ಲಿ ಹಿಡಿದಾಗ ರಸದ ಭಾರವು ತಿಳಿಯುವಂತಾದರೆ ಕಾಯಿ ಸಿದ್ಧವಾಯಿತೆಂದು ತೋಟದವರ ಮಕ್ಕಳು ನೋಡಿದ ಮಾತ್ರದಿಂದಲೇ ಹೇಳುವರು. ಆದರೆ ನಮ್ಮ ಕಡೆಯವರು ಟಮಾಟಿ ಎಂದು ಕರೆಯುವ ಟೊಮೆಟೊ ಗಿಡದ ಮುಂದೆ ನಿಂತಾಗ ಈ ತಿಳುವಳಿಕೆಯು ಅಷ್ಟಾಗಿ ಸಾಲದು. ಈ ವಿಷಯದಲ್ಲಿ ನಾವೇ ಒಂದು ತಪ್ಪನ್ನು ಮಾಡಿದೆವು. ಅದನ್ನು ಮುಚ್ಚಿಡದೆ ಹೇಳಿ ಪಾಠವನ್ನು ಆರಂಭಿಸುವದು ಯುಕ್ತವೆಂದು ತೋರುತ್ತದೆ.

ಹೋದ ವರ್ಷ ಏಪ್ರಿಲ್ ತಿಂಗಳಿನಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿಯು ಶಾಲೆಯ ತೋಟದಿಂದ ಅರ್ಧ ಹಸುರು, ಅರ್ಧ ನಸುಗೆಂಪಾದ ಕಾಯಿಗಳನ್ನು ಬುಟ್ಟಿಯ ತುಂಬ ಕೊಯ್ದು ತಂದಳು. ಹಣ್ಣು ಗಿಡದಲ್ಲಿಯೇ ಪೂರ್ಣ ಕೆಂಪಾಗಲೆಂದು ನಾವು ಮೊದಲೇ ಅಪ್ಪಣೆ ಕೊಟ್ಟಿದ್ದೆವು. ಬೆಳಗಿನ ಪ್ರಾರ್ಥನೆಗೆ ಕೂಡಿದ್ದ ಎಲ್ಲರ ಮುಂದೆ ಅವಳನ್ನು ಗದರಿಸಿದೆವು. "ಅಕ್ಕೋರೆ, ಈ ಬಿಸಲಾಗ ಗಿಡದಾಗ ಕೆಂಪ ಆಗೂದಿಲ್ರಿ, ಮನ್ಯಾಗ ಇಟ್ರ ಆಗತೈತ್ರಿ" ಎಂದು ಅವಳು ಮೆಲ್ಲಗೆ ಹೇಳಿದ ಮಾತನ್ನು ಎದುರುತ್ತರವೆಂದು ತಿಳಿದು ಸುಮ್ಮನಿರಿಸಿದೆವು. ಬುಟ್ಟಿಯನ್ನು ಉಗ್ರಾಣದ ಮೂಲೆಯಲ್ಲಿ ಇಡಿಸಲಾಯಿತು.

ಒಂದು ವಾರದೊಳಗೆ ಬುಟ್ಟಿಯಲ್ಲಿದ್ದ ಕಾಯಿಗಳು ಒಂದೊಂದಾಗಿ ಅಂದವಾಗಿ ಕೆಂಪಾದವು. ಗಿಡದಲ್ಲಿ ಬಿಟ್ಟವುಗಳಾದರೋ ಹಳದಿ ಮಿಶ್ರಿತ ಕಿತ್ತಳೆ ಬಣ್ಣಕ್ಕೆ ಬಂದು ಅಲ್ಲಿಯೇ ನಿಂತವು. ಕೆಲವು ಬಿಸಿಲಿಗೆ ಬೆಂದು ಬೆಳ್ಳಗಾದವು, ಕೆಲವು ಬಿರಿದವು, ಉಳಿದವುಗಳಲ್ಲಿ ಹಕ್ಕಿಗಳಿಗೂ ಹುಳುಗಳಿಗೂ ಪಾಲು ಹೋಯಿತು. ಅರ್ಧಕ್ಕಿಂತ ಹೆಚ್ಚನ್ನು ತಿಪ್ಪೆಗೆ ಹಾಕಬೇಕಾಯಿತು.

ಹೀಗಾಗುವದಕ್ಕೆ ಕಾರಣವೇನು? ಟೊಮೆಟೊವಿಗೆ ಕೆಂಪು ಬಣ್ಣವನ್ನು ಕೊಡುವ ವಸ್ತುವಿಗೆ ಲೈಕೋಪೀನ್ ಎಂದು ಹೆಸರು. ಇದು ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಉಂಟಾಗುತ್ತದೆ. 30 ಡಿಗ್ರಿಯನ್ನು ದಾಟಿದ ಮೇಲೆ ಇದರ ಉತ್ಪತ್ತಿಯು ಕುಂದುತ್ತದೆ. ಹಳದಿ ಬಣ್ಣದ ಕ್ಯಾರೋಟೀನ್ ಮಾತ್ರ ಉಂಟಾಗುತ್ತಲೇ ಇರುವದು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವದು ವಿಶೇಷವಲ್ಲ. ಅಂಥ ದಿನಗಳಲ್ಲಿ ಗಿಡದ ಮೇಲಿನ ಹಣ್ಣು ಕೆಂಪಾಗಲೆಂದು ಕಾಯುವದು ವ್ಯರ್ಥ. ಸೂರ್ಯನ ಬಿಸಿಲೇ ಹಣ್ಣನ್ನು ಕೆಂಪು ಮಾಡುವದೆಂದು ಅನೇಕರು ನಂಬಿರುವರು; ನಾವೂ ನಂಬಿದ್ದೆವು. ಆದರೆ ಕಾಯಿ ಹಣ್ಣಾಗುವದಕ್ಕೆ ಬೆಳಕೇ ಬೇಕೆಂಬ ನಿಯಮವಿಲ್ಲ. ಕಿಟಕಿಯ ಬಿಸಿಲಿನಲ್ಲಿ ಇಡುವದಕ್ಕಿಂತ ಮಣ್ಣಿನ ಮಾಳಿಗೆಯ ಮನೆಯ ತಂಪಾದ ನೆರಳಿನಲ್ಲಿ ಇಡುವದು ಲೇಸು.

ಇನ್ನು, ಲಿಂಬೆಗೂ ಟೊಮೆಟೊವಿಗೂ ಇರುವ ಮುಖ್ಯ ಭೇದವನ್ನು ಗಮನಿಸಿರಿ. ಕೊಯ್ದ ಲಿಂಬೆಯ ಸಿಪ್ಪೆ ಹಳದಿಯಾಗಬಹುದು, ಆದರೆ ಅದರ ರಸವು ಹೆಚ್ಚಲಾರದು. ಮರದಲ್ಲಿ ಎಷ್ಟು ತುಂಬಿತ್ತೋ ಅಷ್ಟೇ. ಟೊಮೆಟೊ, ಬಾಳೆ, ಮಾವುಗಳು ಹಾಗಲ್ಲ. ಚೆನ್ನಾಗಿ ಬಲಿತ ಮೇಲೆ ಕೊಯ್ದರೆ ಇವು ಮನೆಯಲ್ಲಿಯೂ ಹಣ್ಣಾಗುವವು. ಇವುಗಳೊಳಗೆ ಎಥಿಲೀನ್ ಎಂಬ ಅನಿಲವು ಹುಟ್ಟಿ ಮಾಗುವ ಕೆಲಸವನ್ನು ಚುರುಕುಗೊಳಿಸುತ್ತದೆ. ಹಣ್ಣು ತಾನೇ ಈ ಅನಿಲವನ್ನು ಉಂಟುಮಾಡುವದೆಂಬದನ್ನು ಇಂಗ್ಲೆಂಡಿನ ರಿಚರ್ಡ್ ಗೇನ್ ಎಂಬವರು 1934ರಲ್ಲಿ ಸೇಬಿನ ಹಣ್ಣುಗಳಿಂದ ಸಿದ್ಧಪಡಿಸಿ ತೋರಿಸಿದರು. ಮಾಗಿದ ಬಾಳೆಯ ಹಣ್ಣೊಂದನ್ನು ಟೊಮೆಟೊ ಕಾಯಿಗಳ ಜೊತೆಗೆ ಕಾಗದದ ಚೀಲದಲ್ಲಿ ಇಟ್ಟರೆ ಅವು ಬೇಗನೆ ಮಾಗುವದು ಇದರಿಂದಲೇ. ಕೆಲವು ವ್ಯಾಪಾರಿಗಳು ಹಣ್ಣು ಮಾಡುವದಕ್ಕೆ ಕಾರ್ಬೈಡ್ ಪುಡಿಯನ್ನು ಬಳಸುವದುಂಟು. ಅದು ಆರೋಗ್ಯಕ್ಕೆ ಹಾನಿಕರವಾದದ್ದು. ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ಮನೆಯ ಬಾಳೆಹಣ್ಣು ಇರುವಾಗ ಅದರ ಗೊಡವೆಯೇ ಬೇಡ.

ಕಾಯಿ ಬಲಿತಿದೆಯೋ ಇಲ್ಲವೋ ಎಂದು ತಿಳಿಯುವದು ಹೇಗೆ? ಒಂದು ಕಾಯಿಯನ್ನು ಹರಿತವಾದ ಚಾಕುವಿನಿಂದ ಅಡ್ಡಲಾಗಿ ಕೊಯ್ಯಿರಿ. ಬೀಜಗಳ ಸುತ್ತ ಲೋಳೆ ತುಂಬಿದ್ದು, ಬೀಜಗಳು ಚಾಕುವಿಗೆ ಸಿಕ್ಕದೆ ಜಾರಿಕೊಂಡರೆ ಅದು ಬಲಿತದ್ದು. ಬೀಜಗಳು ತುಂಡಾದರೆ ಎಳೆಯದು. ಅಂಥದ್ದನ್ನು ಎಷ್ಟು ದಿನ ಇಟ್ಟರೂ ರುಚಿಯಾದ ಹಣ್ಣಾಗದು. ಆದರೆ ದಿನವೂ ಕಾಯಿಗಳನ್ನು ಕೊಯ್ದು ಪರೀಕ್ಷಿಸಲಾದೀತೇ? ಅದಕ್ಕಾಗಿ ಹಣ್ಣಿನ ತುದಿಯನ್ನು, ಅಂದರೆ ಹೂವು ಇದ್ದ ಕೆಳಭಾಗವನ್ನು ನೋಡಬೇಕು. ಬಣ್ಣವು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭವಾಗುವದು. ತೊಟ್ಟಿನ ಸುತ್ತಲಿನ ಭುಜವು ಕೆಲವು ತಳಿಗಳಲ್ಲಿ ಬಹಳ ದಿನ ಹಸುರಾಗಿಯೇ ಇರುವದರಿಂದ ಮೇಲಿನಿಂದ ನೋಡಿದವರು ಮೋಸ ಹೋಗುವರು. ತುದಿಯಲ್ಲಿ ನಸುಹಳದಿ ಅಥವಾ ನಸುಗೆಂಪು ಛಾಯೆ ಮೂಡಿ, ಮೈಯ ಹತ್ತರಲ್ಲಿ ಒಂದು ಪಾಲನ್ನು ಮೀರದಿದ್ದರೆ ಅದು ಬಣ್ಣ ತಿರುಗುವ ಮೊದಲ ಹಂತ. ದೂರದ ಪೇಟೆಗೆ, ಹೇಳುವದಾದರೆ ಸೊಲ್ಲಾಪುರಕ್ಕೆ, ಕಳಿಸುವವರು ಆಗಲೇ ಕೊಯ್ಯಬೇಕು. ಮನೆಯ ಬಳಕೆಗೆ ಬೇಸಿಗೆಯಲ್ಲಿ ಮೂರರಲ್ಲಿ ಒಂದು ಪಾಲು ಬಣ್ಣ ಬಂದೊಡನೆ ಕೊಯ್ದರೆ ಸಾಕು. ಚಳಿಗಾಲದ ಹಿತವಾದ ದಿನಗಳಲ್ಲಿ ಮಾತ್ರ ಗಿಡದಲ್ಲಿಯೇ ಬಹುಪಾಲು ಕೆಂಪಾಗಲು ಬಿಡಬಹುದು. ಆಗಿನ ರುಚಿಗೆ ಸಮಾನವಾದದ್ದಿಲ್ಲವೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲಕ್ಕಿಂತ ಮೊದಲು ಕೆಂಪಾದ ಹಣ್ಣನ್ನು ಕಂಡು ಹಿಗ್ಗಬೇಡಿರಿ, ತಿರುಗಿಸಿ ನೋಡಿರಿ. ಕಾಯಿಕೊರಕ ಹುಳುವು ತೂತು ಮಾಡಿದ ಕಾಯಿಯು ಗಾಯದ ದೆಸೆಯಿಂದ ಎಥಿಲೀನನ್ನು ಹೆಚ್ಚಾಗಿ ಹೊರಡಿಸಿ ಅಕಾಲದಲ್ಲಿ ಹಣ್ಣಾಗುವದುಂಟು. ಅಂಥದ್ದನ್ನು ಬುಟ್ಟಿಗೆ ಹಾಕಿದರೆ ನೆರೆಯ ಕಾಯಿಗಳೂ ಅವಸರದಿಂದ ಮಾಗಿ ಕೆಡುವವು.

ಕೊಯ್ಯುವದು ಬೆಳಿಗ್ಗೆ, ಎಲೆಗಳ ಮೇಲಿನ ಇಬ್ಬನಿ ಆರಿದ ಮೇಲೆ. ಒದ್ದೆಯಾದ ಗಿಡವನ್ನು ಮುಟ್ಟಿದ ಕೈಯಿಂದ ರೋಗವು ಸಾಲಿನುದ್ದಕ್ಕೂ ಹರಡುವದು. ಹಣ್ಣನ್ನು ಹಿಚುಕಿ ನೋಡಬಾರದು. ತೊಟ್ಟಿನಲ್ಲಿ ಗೆಣ್ಣಿನಂಥ ಗಂಟು ಇರುವದಷ್ಟೆ. ಅಲ್ಲಿ ಹೆಬ್ಬೆರಳನ್ನಿಟ್ಟು ಹಣ್ಣನ್ನು ಸ್ವಲ್ಪ ಎತ್ತಿ ತಿರುಗಿಸಿದರೆ ತಾನೇ ಕಳಚುವದು. ಉಳಿದ ತೊಟ್ಟಿನ ತುದಿಯು ಪಕ್ಕದ ಹಣ್ಣಿಗೆ ಚುಚ್ಚದಂತೆ, ಹುಲ್ಲು ಹಾಸಿದ ಬುಟ್ಟಿಯಲ್ಲಿ ಒಂದೇ ಪದರವಾಗಿ ಇಡಬೇಕು. ಮಾಗದ ಕಾಯಿಗಳನ್ನು ಶೀತಪೆಟ್ಟಿಗೆಯಲ್ಲಿ ಇಡಕೂಡದು. 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಮಾಗುವ ಕೆಲಸವು ನಿಂತು ಪರಿಮಳವು ಕೆಡುವದು.

ನೀರಿನ ವಿಷಯದಲ್ಲಿಯೂ ಒಂದು ಮಾತು: ನಾಲ್ಕು ದಿನ ಒಣಗಿಸಿ ಐದನೆಯ ದಿನ ಕಾಲುವೆ ತುಂಬಿಸಿದರೆ ಮಾಗುತ್ತಿರುವ ಹಣ್ಣು ಬಿರಿಯುವದು. ಹದವಾಗಿ ಹಾಯಿಸಿರಿ, ದೊಡ್ಡ ಮಳೆಯ ಮೋಡ ಕಂಡರೆ ಬಣ್ಣ ತಿರುಗಿದ್ದನ್ನೆಲ್ಲ ಮೊದಲೇ ಕೊಯ್ದಿಡಿರಿ.

ಹೋದ ವರ್ಷ ಆ ಬುಟ್ಟಿಯ ಹಣ್ಣುಗಳನ್ನು ಕಂಡ ಮರುದಿನ, ಗದರಿಸಿದ ಸ್ಥಳದಲ್ಲಿಯೇ, ಪ್ರಾರ್ಥನೆಗೆ ಕೂಡಿದ್ದ ಎಲ್ಲರ ಮುಂದೆ ನಾವು ಆ ಹುಡುಗಿಯ ಕ್ಷಮೆಯನ್ನು ಬೇಡಿದೆವು. ಅವಳು ತಲೆ ತಗ್ಗಿಸಿ ನಿಂತಿದ್ದಳು, ಏನೂ ಹೇಳಲಿಲ್ಲ. ಈ ವರ್ಷ ಉಗ್ರಾಣದ ಕೀಲಿಕೈಯೂ ಕೊಯ್ಲಿನ ಪುಸ್ತಕವೂ ಅವಳ ಕೈಯಲ್ಲಿವೆ. ಮಾರ್ಚ್ ತಿಂಗಳ ಕೊನೆಗೆ ಬಿಸಿಲು ಏರಿದಾಗ ಬಣ್ಣ ತಿರುಗಿದ್ದನ್ನೆಲ್ಲ ಒಳಗಿರಿಸಿ, ಬಲಿಯದೆ ಉಳಿದ ಎಳೆಗಾಯಿಗಳನ್ನು ಬೇರೆ ಬುಟ್ಟಿಗೆ ಹಾಕಿದಳು. ಅವುಗಳಿಗೆ ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕೂಡಿಸಿ ವಸತಿಗೃಹದ ಅಡಿಗೆಯವರು ಚಟ್ನಿ ಅರೆದರು. ಆ ದಿನ ಜೋಳದ ರೊಟ್ಟಿಗಳು ಸಾಲದೆ ಹೋದವು.