ಉಸಿರು ತಡೆದ ನಿದ್ರೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ಗಾದೆ. ನಿದ್ರೆಯೊಡನೆ ಗೊರಕೆಯೂ ಕೂಡಿದರೆ ಜನರು ಅದನ್ನು ಸುಖನಿದ್ರೆಯ ಗುರುತೆಂದೇ ಬಗೆಯುತ್ತಾರೆ. ಕುಂಭಕರ್ಣನ ಹೆಸರು ಹೇಳಿ ನಗುವುದೂ ಉಂಟು. ಹಗಲಿನಲ್ಲಿ ತೂಕಡಿಸುವವನಿಗಂತೂ ಸೋಮಾರಿ ಎಂಬ ಬಿರುದು ತಪ್ಪಿದ್ದಲ್ಲ. ಆದರೆ ಗೊರಕೆ ಹೊಡೆಯುವವರೆಲ್ಲರೂ ಸುಖವಾಗಿ ನಿದ್ರಿಸುತ್ತಿರುವರೆಂದು ಹೇಳಲಾಗದು. ಕೆಲವರ ಪಾಲಿಗೆ ರಾತ್ರಿಯೆಂಬುದು ಉಸಿರಿಗಾಗಿ ನಡೆಯುವ ಹೋರಾಟ. ಅದರ ಪರಿಣಾಮವು ಹಸಿವು, ತೂಕ, ರಕ್ತದ ಸಕ್ಕರೆ ಇವುಗಳವರೆಗೂ ಮುಟ್ಟುತ್ತದೆ.

ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಶ್ವಾಸಮಾರ್ಗವನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಅವು ಸಡಿಲಗೊಂಡು, ನಾಲಗೆಯ ಬುಡವು ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದರೆ ಒಳಹೋಗುವ ಗಾಳಿಯ ರಭಸಕ್ಕೆ ಮೆದು ಅಂಗುಳು ಅದುರುತ್ತದೆ. ಇದೇ ಗೊರಕೆ. ದಾರಿ ಪೂರ್ಣವಾಗಿ ಮುಚ್ಚಿಕೊಂಡರೆ ಎದೆ ಎಷ್ಟು ಹೆಣಗಿದರೂ ಗಾಳಿ ಒಳಗೆ ಹೋಗದು. ಗೊರಕೆ ಥಟ್ಟನೆ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇಳಿಯುತ್ತದೆ. ಅಪಾಯವನ್ನರಿತ ಮಿದುಳು ಕ್ಷಣಕಾಲ ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ರೋಗಿಯು ಏದುಸಿರಿನೊಡನೆ ಗಾಳಿಯನ್ನು ಸೆಳೆದುಕೊಂಡು ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಿಗ್ಗೆ ಇದರ ನೆನಪು ಅವನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ವೈದ್ಯರು ಅದನ್ನು ಒಂದು ತಡೆಯೆಂದು ಎಣಿಸುತ್ತಾರೆ. ವಯಸ್ಕರಲ್ಲಿ ಪೂರ್ಣ ಮತ್ತು ಭಾಗಶಃ ತಡೆಗಳು ಸೇರಿ ಗಂಟೆಗೆ 5ಕ್ಕೆ ಮುಟ್ಟಿದರೆ ರೋಗದ ಶಂಕೆ ಹುಟ್ಟುತ್ತದೆ; 30ನ್ನು ತಲಪಿದರೆ ಅದು ತೀವ್ರ ಸ್ವರೂಪದ್ದು. ಈ ರೋಗಕ್ಕೆ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯ’ ಎಂದು ಹೆಸರು.

ಈ ರೋಗವನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನಿದ್ದಾನೆ. ಕೆಲಸದ ನಡುವೆಯೇ ನಿದ್ರಿಸಿ ಗೊರಕೆ ಹೊಡೆಯುವ ಅವನು ಓದುಗರಿಗೆ ನಗೆಯ ವಸ್ತು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ಒಬ್ಬ ರೋಗಿಯ ವಿವರವನ್ನು ಪ್ರಕಟಿಸಿದರು. ಇಸ್ಪೀಟು ಆಡುತ್ತ ಗೆಲ್ಲುವಂಥ ಎಲೆಗಳು ಕೈಗೆ ಬಂದಿದ್ದರೂ ಪಣ ಏರಿಸುವ ಮೊದಲೇ ಅವನು ನಿದ್ರೆಹೋಗಿದ್ದನು. ಆ ವೈದ್ಯರು ಡಿಕನ್ಸನ ಕಾದಂಬರಿಯನ್ನು ನೆನೆದು ಈ ಸ್ಥಿತಿಯನ್ನು ‘ಪಿಕ್‌ವಿಕಿಯನ್’ ಎಂದು ಕರೆದರು. ಆದರೂ ರಾತ್ರಿ ನಡೆಯುವುದೇನೆಂಬುದು ಸ್ಪಷ್ಟವಾದದ್ದು, 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಇಂಥ ರೋಗಿಗಳ ನಿದ್ರೆ ಮತ್ತು ಉಸಿರಾಟವನ್ನು ಒಟ್ಟಿಗೆ ದಾಖಲಿಸಿ ನೋಡಿದಾಗ.

ಈ ಉಸಿರಿನ ತಡೆಗೂ ಹಾರ್ಮೋನುಗಳಿಗೂ ಇರುವ ಸಂಬಂಧವೇನು? ಹಾರ್ಮೋನುಗಳು ರಕ್ತದ ಮೂಲಕ ಸಂಚರಿಸಿ ದೇಹದ ಭಾಗಗಳಿಗೆ ಸುದ್ದಿ ಮುಟ್ಟಿಸುವ ದೂತರು. ಉಸಿರುಗಟ್ಟಿದಾಗಲೆಲ್ಲ ದೇಹವು ಶತ್ರುವನ್ನು ಕಂಡಂತೆ ಸಜ್ಜಾಗುತ್ತದೆ. ಅಡ್ರಿನಲಿನ್ ಮೊದಲಾದ ಹಾರ್ಮೋನುಗಳು ಸ್ರವಿಸುತ್ತವೆ. ಅವುಗಳ ಆಣತಿಯಂತೆ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತದೆ. ಇತ್ತ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸಬೇಕಾದ ಇನ್ಸುಲಿನ್ನಿನ ಮಾತನ್ನು ಅಂಗಾಂಶಗಳು ಸರಿಯಾಗಿ ಕೇಳದಂತಾಗುತ್ತವೆ. ಈ ರೋಗವಿರುವವರಲ್ಲಿ ಸಿಹಿಮೂತ್ರ ರೋಗವು ಹೆಚ್ಚಾಗಿ ಕಂಡುಬರಲು ಇದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಗಾಢನಿದ್ರೆಯಲ್ಲಿ ವಿಶೇಷವಾಗಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು, ನಿದ್ರೆ ತುಂಡುತುಂಡಾದಾಗ ಕುಗ್ಗುತ್ತದೆ.

ಹಸಿವನ್ನು ಆಳುವ ಹಾರ್ಮೋನುಗಳೂ ಇವೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರು ಒಂದು ಜೀನನ್ನು ಗುರುತಿಸಿದರು. ಅದರಿಂದ ಹುಟ್ಟುವ ಲೆಪ್ಟಿನ್, ಕೊಬ್ಬಿನ ಕೋಶಗಳಿಂದ ಹೊರಟು ‘ಸಂಗ್ರಹ ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ನನ್ನು ಕಂಡುಹಿಡಿದರು. 2004ರಲ್ಲಿ ಷಿಕಾಗೋದಲ್ಲಿ ಆರೋಗ್ಯವಂತ ತರುಣರಿಗೆ ಎರಡು ರಾತ್ರಿ ಕೇವಲ 4 ಗಂಟೆ ಮಲಗಲು ಅವಕಾಶವಿತ್ತಾಗ ಲೆಪ್ಟಿನ್ ಇಳಿದು ಗ್ರೆಲಿನ್ ಏರಿತು, ಹಸಿವೂ ಹೆಚ್ಚಿತು. ಆಪ್ನಿಯ ರೋಗಿಗಳ ಸ್ಥಿತಿ ಇನ್ನೂ ಜಟಿಲ. ಅವರ ರಕ್ತದಲ್ಲಿ ಲೆಪ್ಟಿನ್ ಅನೇಕ ವೇಳೆ ಕಡಿಮೆಯಿರದೆ ಹೆಚ್ಚೇ ಇರುತ್ತದೆ. ಆದರೆ ಮಿದುಳು ಆ ಸುದ್ದಿಗೆ ಕಿವುಡಾದಂತಿರುತ್ತದೆ.

ಹೀಗೆ ಒಂದು ವಿಷವರ್ತುಲ ನಿರ್ಮಾಣವಾಗುತ್ತದೆ. ಕೊಬ್ಬು ಕೊರಳಿನ ಸುತ್ತಲೂ ನಾಲಗೆಯಲ್ಲೂ ಸೇರಿ ಶ್ವಾಸಮಾರ್ಗವನ್ನು ಕಿರಿದುಗೊಳಿಸುತ್ತದೆ. ಉಸಿರು ತಡೆದು ನಿದ್ರೆ ಕೆಡುತ್ತದೆ. ಕೆಟ್ಟ ನಿದ್ರೆ ಹಾರ್ಮೋನುಗಳ ಸಮತೋಲವನ್ನು ಕದಡುತ್ತದೆ. ಬಳಲಿದವನಿಗೆ ನಡೆದಾಡುವ ಉತ್ಸಾಹವೂ ಉಳಿಯುವುದಿಲ್ಲ. ತೂಕ ಮತ್ತೆ ಏರುತ್ತದೆ. ‘ತಿನ್ನುವುದನ್ನು ಬಿಡು, ಎದ್ದು ಓಡಾಡು’ ಎಂಬ ಬುದ್ಧಿವಾದವು ಇಂಥವನಿಗೆ ಸಾಲದು.

ಈ ವರ್ತುಲವನ್ನು ಮುರಿಯುವ ದಾರಿಗಳಿವೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್, ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಗಂಟಲನ್ನು ತೆರೆದಿಡುವ ವಿಧಾನವನ್ನು ಪ್ರಕಟಿಸಿದನು. ಇದರಿಂದ ಹಗಲಿನ ತೂಕಡಿಕೆ ನೀಗುತ್ತದೆ. ಆದರೆ ಯಂತ್ರವೊಂದರಿಂದಲೇ ತೂಕ ಇಳಿಯದು. ಅದಕ್ಕೆ ಆಹಾರದ ಮಿತಿಯೂ ವ್ಯಾಯಾಮವೂ ಬೇಕು. ತೂಕ ಇಳಿದಂತೆ ಉಸಿರಿನ ತಡೆಗಳೂ ಕಡಿಮೆಯಾಗುತ್ತವೆ. ಕರುಳಿನ ಎರಡು ಹಾರ್ಮೋನುಗಳನ್ನು ಅನುಕರಿಸುವ ಟಿರ್ಜೆಪಟೈಡ್ ಎಂಬ ಔಷಧಕ್ಕೆ, ಬೊಜ್ಜಿನೊಡನೆ ಮಧ್ಯಮ ಅಥವಾ ತೀವ್ರ ಆಪ್ನಿಯ ಇರುವ ವಯಸ್ಕರ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ನಿದ್ರೆಯ ರೋಗಕ್ಕೆ ಹಾರ್ಮೋನುಗಳ ದಾರಿಯಿಂದ ಚಿಕಿತ್ಸೆ ದೊರೆತದ್ದು ಇವೆರಡರ ನಂಟಿಗೆ ಸಾಕ್ಷಿ.

ಈ ರೋಗವು ಸ್ಥೂಲಕಾಯರಿಗೆ ಮಾತ್ರ ಮೀಸಲಲ್ಲ. ದವಡೆ ಚಿಕ್ಕದಾಗಿರುವ ತೆಳು ಮೈಯವರಿಗೂ ಬರಬಹುದು. ಮಕ್ಕಳಲ್ಲಿ ಟಾನ್ಸಿಲ್ ಮತ್ತು ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡು ಉಸಿರನ್ನು ತಡೆಯುವುದುಂಟು. ಅಂಥ ಮಗು ತರಗತಿಯಲ್ಲಿ ಮಂಕಾಗಿರುತ್ತದೆ, ಇಲ್ಲವೇ ಚಂಚಲವಾಗಿರುತ್ತದೆ. ಪಾಠದಲ್ಲಿ ಮನಸ್ಸು ನಿಲ್ಲದು. ಶಿಕ್ಷೆಯಿಂದ ಅದರ ತೂಕಡಿಕೆ ಹೋಗುವುದಿಲ್ಲ, ಚಿಕಿತ್ಸೆಯಿಂದ ಹೋಗಬಹುದು. ರೋಗಿಯು ತನ್ನ ಉಸಿರು ನಿಲ್ಲುವುದನ್ನು ತಾನೇ ಅರಿಯಲಾರನು. ಪಕ್ಕದಲ್ಲಿ ಮಲಗಿದವರು ಅದನ್ನು ಕೇಳಬಲ್ಲರು. ಗೊರಕೆಯ ನಡುವೆ ಮೌನ, ಮೌನದ ಬಳಿಕ ಏದುಸಿರು, ಹಗಲಿನಲ್ಲಿ ಅತಿಯಾದ ತೂಕಡಿಕೆ ಕಂಡುಬಂದರೆ ನಗದೆ, ಬೈಯದೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.