ಸೂಜಿ, ಕರೆಂಟ್ ಮತ್ತು ಬೆನ್ನುಹುರಿ

ಬೆನ್ನುಹುರಿಗೆ ಪೆಟ್ಟಾಗಿದೆ ಅಂದ ತಕ್ಷಣ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಲೆಗೆ ಬರೋದು ಒಂದೇ ಚಿತ್ರ: ಕೇಬಲ್ ಕಟ್ ಆಗಿದೆ. ಹಾಗಾದ್ರೆ ಸೂಜಿ ಚುಚ್ಚಿ ಕರೆಂಟ್ ಕೊಟ್ಟರೆ ಸಿಗ್ನಲ್ ಮತ್ತೆ ಹರಿಯುತ್ತಾ? ಎಲೆಕ್ಟ್ರೋಅಕ್ಯುಪಂಕ್ಚರ್ ಬಗ್ಗೆ ಓದೋಕೆ ಕೂತಾಗ ನಮಗೆ ಬಂದ ಮೊದಲ ಪ್ರಶ್ನೆ ಇದು.

ಕೇಬಲ್ ಹೋಲಿಕೆ ಅರ್ಧ ಮಾತ್ರ ಸರಿ. ಪೆಟ್ಟು ಬಿದ್ದ ಕ್ಷಣದಲ್ಲಿ ಆಗೋ ಹಾನಿ ಮೊದಲನೆಯದು. ಆಮೇಲೆ ಊತ, ರಕ್ತದ ಕೊರತೆ, ಉರಿಯೂತ ಸೇರಿ ದಿನಗಟ್ಟಲೆ ಇನ್ನಷ್ಟು ಜೀವಕೋಶಗಳನ್ನು ಕೊಲ್ಲುತ್ತವೆ. ಇದು ಎರಡನೇ ಹಾನಿ. ಕೈಕಾಲಿನ ನರಗಳ ಹಾಗೆ ಬೆನ್ನುಹುರಿಯ ಎಳೆಗಳು ಸುಲಭವಾಗಿ ಮತ್ತೆ ಬೆಳೆಯಲ್ಲ. ಆದರೆ ಎಷ್ಟೋ ಜನರಲ್ಲಿ ಹುರಿ ಪೂರ್ತಿ ತುಂಡಾಗಿರೋದಿಲ್ಲ, ಕೆಲವು ಎಳೆಗಳು ಉಳಿದಿರುತ್ತವೆ. ವೈದ್ಯರು ಹಾನಿಯನ್ನು ಎ ಇಂದ ಇ ವರೆಗೆ ಅಳೆಯುತ್ತಾರೆ: ಎ ಅಂದರೆ ಸಂಪೂರ್ಣ ಹಾನಿ, ಇ ಅಂದರೆ ಸಹಜ ಸ್ಥಿತಿ. ಪುನಶ್ಚೇತನದ ಹೆಚ್ಚಿನ ಭರವಸೆ ಆ ಉಳಿದ ಎಳೆಗಳ ಮೇಲೇ.

ಸರ್ಕ್ಯೂಟ್ ಹೇಗಿರುತ್ತೆ?

ಎರಡು ಸೂಜಿ, ಎರಡು ವೈರ್, ಒಂದು ಪಲ್ಸ್ ಜನರೇಟರ್. ಫ್ರಾನ್ಸಿನ ವೈದ್ಯ ಸಾರ್ಲಾಂಡಿಯೇರ್ 1825ರಲ್ಲೇ ಸೂಜಿಗೆ ವಿದ್ಯುತ್ ಜೋಡಿಸುವ ಬಗ್ಗೆ ಬರೆದಿದ್ದರು. ಇವತ್ತಿನ ರೂಪ ಬೆಳೆದದ್ದು ಚೀನಾದಲ್ಲಿ. ಸಾಮಾನ್ಯವಾಗಿ 2ರಿಂದ 100 ಹರ್ಟ್ಸ್, ಕೆಲವೇ ಮಿಲಿಆಂಪಿಯರ್. ಲೆಕ್ಕ ಹಾಕೋಣ: 1 ಮಿಲಿಆಂಪಿಯರ್ ಕರೆಂಟ್ 0.5 ಮಿಲಿಸೆಕೆಂಡ್ ಹರಿದರೆ ಚಾರ್ಜ್ 0.5 ಮೈಕ್ರೋಕೂಲಂಬ್. ಸೀದಾ ಡಿಸಿ ಕೊಟ್ಟರೆ ಸೂಜಿಯ ಸುತ್ತ ಎಲೆಕ್ಟ್ರಾಲಿಸಿಸ್ ಆಗಿ ಅಂಗಾಂಶ ಸುಡಬಹುದು. ಅದಕ್ಕೇ ಎರಡೂ ದಿಕ್ಕಿಗೆ ಸಮನಾಗಿ ಹರಿಯುವ ಪಲ್ಸ್ ಬೇಕು.

ಫ್ರೀಕ್ವೆನ್ಸಿ ಬದಲಾದರೆ ದೇಹದ ಉತ್ತರವೂ ಬದಲಾಗುತ್ತೆ. ಬೀಜಿಂಗಿನ ವಿಜ್ಞಾನಿ ಹಾನ್ ಜಿಶೆಂಗ್ ಅವರ ತಂಡ ತೋರಿಸಿದ ಪ್ರಕಾರ 2 ಹರ್ಟ್ಸ್‌ನಲ್ಲಿ ಎನ್‌ಕೆಫಾಲಿನ್, 100 ಹರ್ಟ್ಸ್‌ನಲ್ಲಿ ಡೈನಾರ್ಫಿನ್ ಬಿಡುಗಡೆಯಾಗುತ್ತೆ. ಎರಡೂ ದೇಹದ ಸ್ವಂತ ನೋವು ನಿವಾರಕಗಳು.

ಹಾಗಾದ್ರೆ ಕೆಲಸ ಮಾಡುತ್ತಾ?

ಬೆನ್ನೆಲುಬಿನ ಎರಡೂ ಪಕ್ಕ, ಮೊಣಕಾಲಿನ ಕೆಳಗೆ, ಸೊಂಟದ ಹಿಂದಿನ ತ್ರಿಕಾಸ್ಥಿಯ ಮೇಲೆ ಸೂಜಿ ಹಾಕುತ್ತಾರೆ. ಮೂತ್ರಕೋಶವನ್ನು ನಿಯಂತ್ರಿಸುವ ನರಗಳು ಹೊರಬರೋದು ಆ ತ್ರಿಕಾಸ್ಥಿಯ ರಂಧ್ರಗಳಿಂದಲೇ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಉರಿಯೂತ ಕಡಿಮೆಯಾಗಿ, ನರ ಬೆಳವಣಿಗೆಗೆ ನೆರವಾಗುವ ಪ್ರೋಟೀನ್‌ಗಳು ಹೆಚ್ಚಾದದ್ದು ವರದಿಯಾಗಿದೆ. ಮನುಷ್ಯರಲ್ಲೂ ನೋವು, ಮೂತ್ರ ನಿಯಂತ್ರಣ, ಚಲನೆಯಲ್ಲಿ ಸುಧಾರಣೆ ಕಂಡ ಅಧ್ಯಯನಗಳಿವೆ. ಆದರೆ ಹೆಚ್ಚಿನವು ಚಿಕ್ಕವು. ಇನ್ನೊಂದು ವಿಷಯ, ಮೊದಲ ಕೆಲವು ತಿಂಗಳಲ್ಲಿ ಎಷ್ಟೋ ರೋಗಿಗಳು ತಾವಾಗೇ ಸ್ವಲ್ಪ ಚೇತರಿಸಿಕೊಳ್ತಾರೆ. ಹೋಲಿಸೋಕೆ ಕಂಟ್ರೋಲ್ ಗುಂಪು ಇಲ್ಲದಿದ್ರೆ ಆ ಕ್ರೆಡಿಟ್ ಎಲ್ಲಾ ಸೂಜಿಗೇ ಹೋಗುತ್ತೆ!

ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಸಾಮಾನ್ಯ ರೋಗಿ "ಸಾಕು, ಜುಮ್ಮೆನ್ನುತ್ತಿದೆ" ಅಂತ ಹೇಳೋವರೆಗೆ ಕರೆಂಟ್ ಏರಿಸಬಹುದು. ಸ್ಪರ್ಶವೇ ಗೊತ್ತಾಗದ ಕಾಲಿನಲ್ಲಿ ಆ ಫೀಡ್‌ಬ್ಯಾಕ್ ಇಲ್ಲ. ಎದೆಭಾಗದ 6ನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಹಾನಿಯಾಗಿದ್ದರೆ ಕೆಳಗಿನ ಪ್ರಚೋದನೆಯಿಂದ ರಕ್ತದೊತ್ತಡ ದಿಢೀರ್ ಏರುವ ಅಪಾಯವೂ ಇದೆ. ಬಿಪಿ ನೋಡ್ತಾ ಇರೋಕೆ ತರಬೇತಾದವರು ಪಕ್ಕದಲ್ಲೇ ಇರಬೇಕು.

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಮನೆಯವರು ಯಾವ ಭರವಸೆಯನ್ನಾದರೂ ಹಿಡಿದುಕೊಳ್ತಾರೆ. "ನೀನು ಇಂಜಿನಿಯರ್ ಅಲ್ವಾ, ಈ ಮಷೀನ್ ನಿಜಾನಾ?" ಅಂತ ನಮ್ಮನ್ನೇ ಕೇಳಬಹುದು. ಆಗ ನಾವು ಮೂರು ಪ್ರಶ್ನೆ ವಾಪಸ್ ಕೇಳೋಣ: ಹಾನಿ ಸಂಪೂರ್ಣವೋ, ಭಾಗಶಃವೋ? ಗುರಿ ಏನು, ನೋವೋ, ಮೂತ್ರಕೋಶವೋ, ನಡಿಗೆಯೋ? ಫಿಸಿಯೋಥೆರಪಿ ಮುಂದುವರಿಯುತ್ತಾ? ಮೂರನೆಯದಕ್ಕೆ ಉತ್ತರ "ಇಲ್ಲ" ಆಗಿದ್ದರೆ ಮೊದಲು ಅದನ್ನು ಸರಿ ಮಾಡಬೇಕು. ಈ ಸೂಜಿ ಫಿಸಿಯೋಥೆರಪಿಯ ಜೊತೆಗೆ ಬರಬಹುದು, ಅದರ ಬದಲಿಗೆ ಅಲ್ಲ.