ಗಾರೆ ಹಲಗೆಯ ಗೌರವ

ಅಮೆರಿಕದ ಕಾಲೇಜಿನಲ್ಲಿ ಮೂರನೇ ವರ್ಷ ಮುಗಿಸುತ್ತಿರುವ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಾಠ ನಡೆಯುತ್ತಿರುತ್ತದೆ. ಬಾಗಿಲು ತೆರೆದು, ಕಪ್ಪು ಗೌನು ಮತ್ತು ಚೌಕ ಟೊಪ್ಪಿಗೆ ತೊಟ್ಟ ಹಿರಿಯ ವಿದ್ಯಾರ್ಥಿಗಳು ಒಳಗೆ ಬರುತ್ತಾರೆ. ಪ್ರಾಧ್ಯಾಪಕರು ಪಾಠ ನಿಲ್ಲಿಸುತ್ತಾರೆ. ಬಂದವರು ಒಬ್ಬ ವಿದ್ಯಾರ್ಥಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೆಸರು ಹಿಡಿದು ಕರೆಯುತ್ತಾರೆ. ಅಂತಿಮ ವರ್ಷದವರ ಗೌರವ ಸಂಘವಾದ ‘ಮಾರ್ಟರ್ ಬೋರ್ಡ್’ ಹೊಸಬರನ್ನು ಸೇರಿಸಿಕೊಳ್ಳುವ ಹಳೆಯ ಪದ್ಧತಿ ಇದು. ಅಲ್ಲಿ ಇದಕ್ಕೆ ‘ಟ್ಯಾಪಿಂಗ್’ ಎನ್ನುತ್ತಾರೆ. ಈ ವಸಂತದಲ್ಲಿ ಹಾಗೆ ಕರೆದದ್ದು ನಿನ್ನನ್ನು ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಾಗ ಈ ದೊಡ್ಡಮ್ಮನ ಕಣ್ಣು ತುಂಬಿತು.

ಆ ಹೆಸರನ್ನೇ ಸ್ವಲ್ಪ ನೋಡು. ಪದವಿಯ ದಿನ ತಲೆಗೇರುವ ಚೌಕ ಟೊಪ್ಪಿಗೆಗೆ ಮಾರ್ಟರ್ ಬೋರ್ಡ್ ಎಂಬ ಹೆಸರು ಬಂದದ್ದು ಗಾರೆ ಕೆಲಸದವರಿಂದ. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಗಾರೆ ತುಂಬಿದ ಚೌಕ ಹಲಗೆ. ಟೊಪ್ಪಿಗೆಯ ಆಕಾರ ಆ ಹಲಗೆಯದು.

ಸಂಘ ಹುಟ್ಟಿದ್ದು 1918ರ ಫೆಬ್ರುವರಿ 15ರಂದು, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮತದಾನಕ್ಕೆ ಲಿಂಗ ಅಡ್ಡಿಯಾಗಬಾರದೆಂದು ಅಮೆರಿಕದ ಸಂವಿಧಾನ ಹೇಳುವುದಕ್ಕೂ ಇನ್ನೆರಡು ವರ್ಷ ಬಾಕಿ ಇತ್ತು. ನಾಲ್ಕು ವರ್ಷ ಹಿಂದೆ, 1914ರಲ್ಲಿ, ವರ್ಜೀನಿಯಾದ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯದಲ್ಲಿ ಓಮಿಕ್ರಾನ್ ಡೆಲ್ಟಾ ಕಪ್ಪ ಎಂಬ ನಾಯಕತ್ವ ಸಂಘ ಶುರುವಾಗಿತ್ತು. ಅದು ಗಂಡುಮಕ್ಕಳಿಗೆ ಮಾತ್ರ. ಕಾರ್ನೆಲ್, ಮಿಷಿಗನ್, ಓಹಾಯೊ ಸ್ಟೇಟ್, ಸ್ವಾರ್ತ್‌ಮೋರ್‌ಗಳಲ್ಲಿ ಬಿಡಿಬಿಡಿಯಾಗಿದ್ದ ಹಿರಿಯ ವಿದ್ಯಾರ್ಥಿನಿಯರ ಗುಂಪುಗಳು ಒಂದಾಗಿ ಕಟ್ಟಿದ್ದು ಮಾರ್ಟರ್ ಬೋರ್ಡ್.

ಬರೀ ಅಂಕ ಸಾಲದು ಎಂದರು ಅವರು. ವಿದ್ವತ್ತು, ನಾಯಕತ್ವ, ಸೇವೆ ಮೂರೂ ಬೇಕು.

1972ರಲ್ಲಿ ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂತು. ಓಮಿಕ್ರಾನ್ ಡೆಲ್ಟಾ ಕಪ್ಪ 1974ರಲ್ಲಿ ಹೆಣ್ಣುಮಕ್ಕಳನ್ನು, ಮಾರ್ಟರ್ ಬೋರ್ಡ್ 1975ರಲ್ಲಿ ಗಂಡುಮಕ್ಕಳನ್ನು ಸೇರಿಸಿಕೊಂಡವು. ಬಾಗಿಲು ತೆರೆದ ಮೇಲೂ ಮಹಿಳೆಯರ ಸ್ಥಾನಮಾನದ ಏಳಿಗೆ ಎಂಬುದನ್ನು ಮಾರ್ಟರ್ ಬೋರ್ಡ್ ತನ್ನ ಧ್ಯೇಯದಿಂದ ಕೈಬಿಡಲಿಲ್ಲ. ಹೆಣ್ಣುಮಕ್ಕಳು ಕಟ್ಟಿದ ಮನೆಗೆ ತಾನು ಕಾಲಿಡುತ್ತಿದ್ದೇನೆ ಎಂಬುದು ಪ್ರತಿ ಹೊಸ ಸದಸ್ಯರಿಗೂ ಗೊತ್ತಿರಬೇಕು.

ಈ ಸದಸ್ಯತ್ವದಲ್ಲಿ ದುಡಿಯಲು ಸಿಗುವುದು ಒಂದೇ ವರ್ಷ. ಮುಂದಿನ ವರ್ಷ ಶಾಖೆಯಲ್ಲಿ ಹೊಸ ಮುಖಗಳು. ಅದಕ್ಕೇ ಟೊಪ್ಪಿಗೆಯಾಕಾರದ ಆ ಚಿಕ್ಕ ಪಿನ್ನನ್ನು ಡಬ್ಬಿಯಲ್ಲಿಟ್ಟು, ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿಸಿ ಸುಮ್ಮನಾಗಬೇಡ. ಮಕ್ಕಳಲ್ಲಿ ಓದಿನ ರುಚಿ ಹುಟ್ಟಿಸುವ ಕೆಲಸಕ್ಕೆ ಸಂಘ ತುಂಬ ಒತ್ತು ಕೊಡುತ್ತದೆ. ವಾರಕ್ಕೊಂದು ಸಂಜೆ ಒಂದು ಶಾಲೆಗೆ ಹೋಗಿ ನಾಲ್ಕು ಮಕ್ಕಳ ಜೊತೆ ಕೂತು ಓದಿಸು. ಫೋಟೊಗೆಂದು ಒಂದು ದಿನ ಹೋಗಿ ಬರುವುದಲ್ಲ. ಅದೇ ಮಕ್ಕಳು, ವರ್ಷಪೂರ್ತಿ.

ಬರುವ ವಸಂತದಲ್ಲಿ ಗೌನು ತೊಟ್ಟು ತರಗತಿಗಳಿಗೆ ಹೋಗುವ ಸರದಿ ನಿನ್ನದು. ವೇದಿಕೆ ಮೇಲಿರುವವರು ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ. ಊಟದ ಹಾಲ್‌ನಲ್ಲಿ ತಟ್ಟೆ ತೆಗೆಯುವ ಕೆಲಸ ಮಾಡಿಕೊಂಡೇ ಚೆನ್ನಾಗಿ ಓದುತ್ತ, ರಾತ್ರಿ ಜೂನಿಯರುಗಳಿಗೆ ಲೆಕ್ಕ ಹೇಳಿಕೊಡುವ ಹುಡುಗಿಯೊಬ್ಬಳು ನಿಮ್ಮ ಕಾಲೇಜಿನಲ್ಲೂ ಇದ್ದಾಳು. ಈಗಿನಿಂದಲೇ ಅವಳನ್ನು ಹುಡುಕು. ಅವಳ ಹೆಸರು ಕರೆದ ದಿನ ನನಗೊಂದು ಕಾಗದ ಬರಿ.

ಇಂತಿ,
ನಿನ್ನ ದೊಡ್ಡಮ್ಮ